ಹಳೇ ಚೈನ್ ಸಾ ಕೊಳ್ಳುವ ಮುಂಚೆ ಸೈಲೆನ್ಸರ್ ಬಿಚ್ಚಿ ನೋಡಿ

ತೊಗರಿ ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ ಕಲಬುರಗಿ, ಯಾದಗಿರಿ ಕಡೆಯ ರೈತರ ಕಣ್ಣಿಗೆ ಬೀಳುವುದು ಬದುವಿನ ತುಂಬ ಬೆಳೆದು ನಿಂತ ಜಾಲಿ. ಮುಂಗಾರು ಬರುವುದರೊಳಗೆ ಅದನ್ನು ತೆಗೆಯಬೇಕು. ಕೊಡಲಿ ಹಿಡಿಯುವ ಆಳು ಸಿಗುವುದು ಕಷ್ಟ, ಸಿಕ್ಕರೂ ಕೂಲಿ ಜಾಸ್ತಿ. ಬಾಡಿಗೆ ಮಷಿನ್‌ನವರು ಹೇಳಿದ ದಿನ ಬರುವುದಿಲ್ಲ. ಆಗ ‘ನಮ್ದೇ ಒಂದು ಚೈನ್ ಸಾ ಇದ್ರೆ’ ಅನ್ನುವ ಯೋಚನೆ ಶುರುವಾಗುತ್ತದೆ. ಒಳ್ಳೆ ಕಂಪನಿಯ ಹೊಸ ಮಷಿನ್‌ನ ಬೆಲೆ ಕೇಳಿದ ಮೇಲೆ ಆ ಯೋಚನೆ ಹಳೇದರ ಕಡೆ ತಿರುಗುತ್ತದೆ.

ಹಳೇ ಮಷಿನ್‌ಗಳಿಗೇನೂ ಬರ ಇಲ್ಲ. ಕಟ್ಟಿಗೆ ಅಡ್ಡೆಯವರು ಮೂಲೆಗೆ ಹಾಕಿದ್ದು ಇರುತ್ತದೆ, ಗುಜರಿ ಅಂಗಡಿಯಲ್ಲಿ ಬಿದ್ದಿದ್ದು ಇರುತ್ತದೆ, ಹೈದರಾಬಾದಿನ ರಾಣಿಗಂಜ್‌ನಿಂದ ಯಾರೋ ತಂದಿದ್ದು ಇರುತ್ತದೆ. ಈಗಂತೂ ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ ಬರುತ್ತದೆ. ಮಾರುವವರ ಮಾತು ಹೆಚ್ಚುಕಡಿಮೆ ಒಂದೇ: “ಚಾಲೂ ಅದರಿ, ಕಾರ್ಬುರೇಟರ್ ಕ್ಲೀನ್ ಮಾಡಿಸಿದ್ರ ಸಾಕು.”

ಕೆಲವೊಮ್ಮೆ ಅದು ನಿಜ. ಕೆಲವೊಮ್ಮೆ ಒಳಗೆ ಪಿಸ್ಟನ್ ಸೀಜ್ ಆಗಿ, ಅಂದರೆ ಸಿಲಿಂಡರಿಗೆ ಹಿಡಿದುಕೊಂಡು, ಸಿಲಿಂಡರಿನ ಒಳಗೋಡೆ ಗೀರಿ ಹೋಗಿರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯಲು ಎಂಜಿನ್ ಪೂರ್ತಿ ಬಿಚ್ಚಬೇಕಿಲ್ಲ. ಎರಡು ಮೂರು ಬೋಲ್ಟ್ ಬಿಚ್ಚಿ ಮೊಬೈಲ್ ಟಾರ್ಚ್ ಹಿಡಿದರೆ ಎಂಜಿನ್ ಹಾಳಾಗಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಯಾಕೆ ಹಾಳಾಯಿತು ಅನ್ನುವುದಕ್ಕೆ ಇನ್ನೊಂದಿಷ್ಟು ಹುಡುಕಬೇಕು. ನನ್ನ ಮಟ್ಟಿಗೆ ಈ ಎರಡನೆಯದೇ ಮುಖ್ಯ. ಕಾರಣ ಸಿಗದೆ ಹೊಸ ಪಿಸ್ಟನ್ ಹಾಕಿದರೆ ಅದೂ ಸ್ವಲ್ಪ ದಿನಕ್ಕೆ ಸೀಜ್ ಆಗುತ್ತದೆ.

ಈ ಎಂಜಿನ್ ಒಳಗೆ ಏನು ನಡೆಯುತ್ತದೆ

ಪೆಟ್ರೋಲ್ ಚೈನ್ ಸಾಗಳಲ್ಲಿ ಹೆಚ್ಚಾಗಿ ಇರುವುದು ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಲೂನಾ, ಹಳೇ ಚೇತಕ್, ಯಮಹಾ ಆರ್‌ಎಕ್ಸ್ 100 ಬಿಚ್ಚಿದವರಿಗೆ ಇದು ಪರಿಚಯದ್ದೇ. ಇದರಲ್ಲಿ ಬೇರೆ ಆಯಿಲ್ ಚೇಂಬರ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ 2ಟಿ ಆಯಿಲ್ಲೇ ಪಿಸ್ಟನ್‌ಗೂ ಬೇರಿಂಗ್‌ಗೂ ಜಿಡ್ಡು ಕೊಡಬೇಕು.

ವಾಲ್ವ್ ಕೂಡ ಇಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಾ ಅವನ್ನು ಮುಚ್ಚಿ ತೆರೆಯುತ್ತದೆ. ಒಂದು ಕಿಂಡಿಯಿಂದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಳಗೆ ಬರುತ್ತದೆ, ಇನ್ನೊಂದರಿಂದ ಹೊಗೆ ಸೈಲೆನ್ಸರಿಗೆ ಹೋಗುತ್ತದೆ. ಮಿಶ್ರಣ ನೇರ ಪಿಸ್ಟನ್ ಮೇಲೆ ಹೋಗುವುದಿಲ್ಲ. ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸಿಗೆ ಬಂದು, ಅಲ್ಲಿಂದ ಪಕ್ಕದ ದಾರಿಗಳಲ್ಲಿ ಮೇಲೇರುತ್ತದೆ. ಹಾಗಾಗಿ ಇಲ್ಲಿ ಎರಡು ಜಾಗ ಗಾಳಿ ಸೋರದಂತೆ ಇರಬೇಕು: ಪಿಸ್ಟನ್ ಮೇಲಿನದು ಮತ್ತು ಕೆಳಗಿನದು. ಮೇಲಿನದನ್ನು ಎಲ್ಲರೂ ನೋಡುತ್ತಾರೆ, ಕೆಳಗಿನದನ್ನು ಹೆಚ್ಚಿನವರು ಮರೆಯುತ್ತಾರೆ.

ವೇಗವನ್ನೂ ಗಮನಿಸಿ. ಆರ್‌ಎಕ್ಸ್ 100 ತನ್ನ ಪೂರ್ತಿ ಶಕ್ತಿ ಕೊಡುವುದು ನಿಮಿಷಕ್ಕೆ 7,500 ಸುತ್ತಿನ ಹತ್ತಿರ. ಚೈನ್ ಸಾ ಪೂರ್ತಿ ರೇಸಿನಲ್ಲಿ 12,000 ದಾಟುತ್ತದೆ. ಈ ವೇಗದಲ್ಲಿ ಆಯಿಲ್ ಕಡಿಮೆಯಾದರೆ ಎಂಜಿನ್ ಕೆಡಲು ದಿನಗಳು ಬೇಕಿಲ್ಲ, ಕೆಲವೇ ನಿಮಿಷ ಸಾಕು.

ಮೊದಲು ಇದು ಯಾವ ಮಷಿನ್ ಅಂತ ಗೊತ್ತಾಗಲಿ

ಸ್ಟಿಕ್ಕರ್ ನಂಬಬೇಡಿ. ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ಎರಕದಲ್ಲೇ ಮೂಡಿದ ಹೆಸರು, ನಂಬರ್ ನೋಡಿ.

ಸ್ಟಿಲ್ ಕಂಪನಿಯ ಬಿಡಿಭಾಗಗಳ ಮೇಲಿನ ಉದ್ದ ನಂಬರಿನಲ್ಲಿ ಮೊದಲ ನಾಲ್ಕು ಅಂಕಿ ಮಷಿನ್‌ನ ಕುಟುಂಬವನ್ನು ಹೇಳುತ್ತವೆ. 1123 ಅಂದರೆ ಎಂಎಸ್ 210, 230, 250 ಮಾದರಿಗಳು. 1127 ಅಂದರೆ ಎಂಎಸ್ 290, 310, 390. 1122 ಅಂದರೆ ದೊಡ್ಡ ಎಂಎಸ್ 660. ಆದರೆ ಒಂದು ಭಾಗದ ನಂಬರ್ ನೋಡಿ ಇಡೀ ಮಷಿನ್ ಇದೇ ಅಂತ ಹೇಳಲಾಗದು, ಯಾಕೆಂದರೆ ಒಂದು ಕುಟುಂಬದ ಭಾಗ ಇನ್ನೊಂದರಲ್ಲೂ ಬಳಕೆಯಾಗುತ್ತದೆ. ನಾಲ್ಕಾರು ಕಡೆ ನೋಡಿ ಹೋಲಿಸಬೇಕು. ಎಂಎಸ್ ಮುಂದಿನ ಸಂಖ್ಯೆ ಸಿಸಿ ಅಲ್ಲ ಅನ್ನುವುದೂ ನೆನಪಿರಲಿ. ಎಂಎಸ್ 180 ಇರುವುದು 31.8 ಸಿಸಿ, ಎಂಎಸ್ 250 ಇರುವುದು 45.4 ಸಿಸಿ.

ಹಸ್ಕ್ವರ್ನಾದ ಹಲವು ಮಾದರಿಗಳಲ್ಲಿ ಕೊನೆಯ ಎರಡು ಅಂಕಿ ಸಿಸಿಯ ಹತ್ತಿರ ಇರುತ್ತವೆ. 365 ಅಂದರೆ 65 ಸಿಸಿ, 372 ಅಂದರೆ ಸುಮಾರು 71 ಸಿಸಿ.

ಇದೆಲ್ಲ ಯಾಕೆ ಬೇಕು? ಬಿಡಿಭಾಗದ ಅಂಗಡಿಗೆ ಹೋದರೆ ಅವರು ಕೇಳುವ ಮೊದಲ ಪ್ರಶ್ನೆಯೇ “ಪಿಸ್ಟನ್ ಎಷ್ಟು ಎಂಎಂ?” ಅಂತ. ಎಂಎಸ್ 290, 310, 390 ಮೂರಕ್ಕೂ ಮೈಕಟ್ಟು ಒಂದೇ. ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, ಮಾತ್ರ 46, 47, 49 ಮಿಲಿಮೀಟರ್. ಹೊರಗಿನಿಂದ ನೋಡಿ ಪಿಸ್ಟನ್ ತಂದರೆ ವಾಪಸ್ ಒಂದು ಬಸ್ ಚಾರ್ಜ್ ಗ್ಯಾರಂಟಿ.

ಸಿಸಿ ಲೆಕ್ಕವನ್ನು ನೀವೇ ಹಾಕಬಹುದು. ಬೋರನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ, 0.785ರಿಂದ ಗುಣಿಸಿ, ಪಿಸ್ಟನ್ ಓಡಾಡುವ ಉದ್ದದಿಂದ ಮತ್ತೊಮ್ಮೆ ಗುಣಿಸಿ. 5.2 ಸೆಂ.ಮೀ. ಬೋರ್, 3.4 ಸೆಂ.ಮೀ. ಓಟ ಇದ್ದರೆ ಸುಮಾರು 72 ಸಿಸಿ. ಮೇಲೆ ದೊಡ್ಡದಾಗಿ ‘58 ಸಿಸಿ’ ಅಂತ ಬರೆದ ಹೆಸರಿಲ್ಲದ ಮಷಿನ್‌ಗಳನ್ನು ಹೀಗೆ ಅಳೆದರೆ ಹಲವು ಸಲ ಬರೆದದ್ದಕ್ಕಿಂತ ಕಡಿಮೆ ಬರುತ್ತದೆ.

ಇನ್ನೊಂದು ವಿಷಯ, ಎಂಜಿನ್ ಕಟ್ಟಿದ ರೀತಿ. ದಿನವಿಡೀ ದುಡಿಯಲೆಂದು ಮಾಡಿದ ಮಷಿನ್‌ಗಳಲ್ಲಿ ಕ್ರ್ಯಾಂಕ್ ಕೇಸ್ ಮೆಗ್ನೀಸಿಯಂ ಲೋಹದ್ದು. ಸಿಲಿಂಡರ್ ಅದರ ಮೇಲೆ ನಾಲ್ಕು ಬೋಲ್ಟ್‌ನಲ್ಲಿ ಕೂತಿರುತ್ತದೆ. ನಾಲ್ಕು ಬಿಚ್ಚಿದರೆ ಸಿಲಿಂಡರ್ ಮೇಲೆ ಬರುತ್ತದೆ, ಪಿಸ್ಟನ್ ಬದಲಿಸುವುದು ಸಲೀಸು. ಎಂಎಸ್ 180, 250, 290ರಂಥವುಗಳಲ್ಲಿ ಇಡೀ ಎಂಜಿನ್ ಪ್ಲಾಸ್ಟಿಕ್ ಮೈಯೊಳಗೆ ಕೂತಿರುತ್ತದೆ. ಪಿಸ್ಟನ್ ಬದಲಿಸಲು ಎಂಜಿನ್ನನ್ನೇ ಹೊರಗೆ ತೆಗೆಯಬೇಕು, ವಾಪಸ್ ಕೂರಿಸುವಾಗ ಸೀಲಂಟ್ ಹಚ್ಚಬೇಕು. ಇವೇನೂ ಕೆಟ್ಟ ಮಷಿನ್ ಅಲ್ಲ. ಆದರೆ ರಿಪೇರಿಯ ಕೆಲಸ ಜಾಸ್ತಿ, ಮಿಸ್ತ್ರಿಯ ಮಜೂರಿಯೂ ಜಾಸ್ತಿ.

ಸೀರಿಯಲ್ ನಂಬರನ್ನು ಉಜ್ಜಿ ಅಳಿಸಿದ್ದರೆ ಅಲ್ಲಿಗೇ ಬಿಟ್ಟು ಬನ್ನಿ. ಕದ್ದ ಮಾಲಿನ ತಂಟೆ ಯಾರಿಗೆ ಬೇಕು?

ಹಗ್ಗ ಎಳೆಯುವ ಮುಂಚೆ

ಮಷಿನ್ ಕೈಗೆ ಸಿಕ್ಕ ಕೂಡಲೇ ಹಗ್ಗ ಎಳೆಯುವುದು ಎಲ್ಲರ ಅಭ್ಯಾಸ. ಸ್ವಲ್ಪ ತಡೆಯಿರಿ. ಪಿಸ್ಟನ್ ಸುತ್ತಲಿನ ರಿಂಗ್ ಮುರಿದಿದ್ದರೆ ಅಥವಾ ಮರಳು ಸೇರಿದ್ದರೆ, ಉಳಿದಿದ್ದ ಸಿಲಿಂಡರೂ ಆ ಎಳೆತಕ್ಕೆ ಕೆಡುತ್ತದೆ.

ಬೇಕಾದ ಸಾಮಾನು ಕಡಿಮೆ. ಸ್ಟಿಲ್ ಆದರೆ ಟಿ27 ಅನ್ನುವ ನಕ್ಷತ್ರದಾಕಾರದ ಕೀ, ಹಸ್ಕ್ವರ್ನಾ ಆದರೆ ಅಲನ್ ಕೀ, 19 ಎಂಎಂ ಪ್ಲಗ್ ಪಾನಾ, ಒಂದು ಟಾರ್ಚ್. ಸ್ವಿಚ್ ಆಫ್ ಇರಲಿ. ಚೈನ್ ಮತ್ತು ಅದು ಓಡುವ ಬಾರ್ ತೆಗೆದು ಪಕ್ಕಕ್ಕಿಡಿ. ಪ್ಲಗ್ ಬಿಚ್ಚಿ. ಆಮೇಲೆ ಸೈಲೆನ್ಸರ್ ಬಿಚ್ಚಿ. ಸೈಲೆನ್ಸರ್ ತೆಗೆಯಲು ಮಾರುವವರು ಒಪ್ಪದಿದ್ದರೆ ಬೆಲೆಯ ಮಾತು ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಸೈಲೆನ್ಸರ್ ಜಾಗದಲ್ಲಿ ಈಗ ಹೊಗೆಯ ಕಿಂಡಿ ಕಾಣುತ್ತದೆ. ಹಗ್ಗವನ್ನು ತೀರಾ ನಿಧಾನವಾಗಿ, ಬೆರಳಷ್ಟು ಬೆರಳಷ್ಟೇ ಎಳೆಯುತ್ತಾ ಪಿಸ್ಟನ್ನನ್ನು ಮೇಲೆ ಕೆಳಗೆ ಮಾಡಿ. ಪಿಸ್ಟನ್ ಮೈ, ರಿಂಗುಗಳು, ಪಿಸ್ಟನ್ ಪೂರ್ತಿ ಕೆಳಗಿದ್ದಾಗ ಎದುರಿನ ಸಿಲಿಂಡರ್ ಗೋಡೆ, ಮೂರೂ ಕಾಣುತ್ತವೆ. ರಿಂಗ್ ಕಿಂಡಿಯ ಎದುರು ಬಂದಾಗ ಒಂದು ಬಿದಿರು ಕಡ್ಡಿಯಿಂದ ಮೆಲ್ಲಗೆ ಒತ್ತಿ. ಸ್ಪ್ರಿಂಗಿನ ಹಾಗೆ ಒಳಗೆ ಹೋಗಿ ಹೊರಬಂದರೆ ಸರಿ. ಅಲ್ಲಾಡದಿದ್ದರೆ ಮಸಿಯಲ್ಲಿ ಅಂಟಿದೆ ಅಂತ ಅರ್ಥ. ಸ್ಕ್ರೂ ಡ್ರೈವರ್ ಹಾಕಿ ಒತ್ತಬೇಡಿ, ಗೀರು ಬೀಳುತ್ತದೆ.

ಹಗ್ಗವೇ ಬರುವುದಿಲ್ಲ ಅಂದರೆ? ಎಂಜಿನ್ ಸೀಜ್ ಅಂತ ತಕ್ಷಣ ತೀರ್ಮಾನಿಸಬೇಡಿ. ಸ್ಟಾರ್ಟರಿನ ಸ್ಪ್ರಿಂಗ್ ಮುರಿದಿರಬಹುದು, ಹಗ್ಗ ಸಿಕ್ಕಿಕೊಂಡಿರಬಹುದು. ಸ್ಟಾರ್ಟರ್ ಕವರ್ ಬಿಚ್ಚಿ, ಮ್ಯಾಗ್ನೆಟ್ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಅದೂ ತಿರುಗದಿದ್ದರೆ ಪಿಸ್ಟನ್ ಹಿಡಿದಿದೆ, ಇಲ್ಲವೇ ಮಳೆಗಾಲದಲ್ಲಿ ಹೊರಗೆ ಬಿದ್ದು ಬೇರಿಂಗ್ ತುಕ್ಕು ಹಿಡಿದಿದೆ. ಪ್ಲಗ್ ತೂತಿನಲ್ಲಿ ಸ್ವಲ್ಪ ಡೀಸೆಲ್ ಹಾಕಿ ರಾತ್ರಿಯಿಡೀ ಬಿಟ್ಟರೆ ತುಕ್ಕಿನಿಂದ ಅಂಟಿದ್ದು ಬಿಡುವ ಸಾಧ್ಯತೆ ಇದೆ. ಬಿಟ್ಟರೂ ಆ ಬೇರಿಂಗ್‌ಗಳನ್ನು ನಂಬುವ ಹಾಗಿಲ್ಲ.

ಗೀರು ಎಲ್ಲಿದೆ, ಹೇಗಿದೆ

ಇದು ಇಡೀ ಪರೀಕ್ಷೆಯ ಜೀವ. ಗೀರು ಇದೆಯೋ ಇಲ್ಲವೋ ನೋಡಿದರೆ ಸಾಲದು. ಯಾವ ಕಡೆ ಇದೆ ಅನ್ನುವುದನ್ನು ನೋಡಬೇಕು.

ಒಳ್ಳೆ ಪಿಸ್ಟನ್ ಮೈಮೇಲೆ ಲೇಥ್‌ನಲ್ಲಿ ತಿರುಗಿಸುವಾಗ ಬಿದ್ದ ನವಿರಾದ ಅಡ್ಡಗೆರೆಗಳು ಇನ್ನೂ ಕಾಣುತ್ತಿರುತ್ತವೆ. ಅವು ಸ್ಪಷ್ಟವಾಗಿದ್ದರೆ ಮಷಿನ್ ಜಾಸ್ತಿ ಓಡಿಲ್ಲ. ಮಸಿ ಹಿಡಿದು ಕಪ್ಪಾಗಿದ್ದರೆ ಹೆದರಬೇಕಿಲ್ಲ. ಆಯಿಲ್ ಸ್ವಲ್ಪ ಜಾಸ್ತಿ ಹಾಕಿದವರ ಮಷಿನ್ ಹಾಗಿರುತ್ತದೆ. ನೋಡಲು ಅಸಹ್ಯ, ಆದರೆ ಒಳಗಿನ ಲೋಹ ಚೆನ್ನಾಗಿರುತ್ತದೆ. ಕೆಲವು ಮಾರಾಟಗಾರರು ಒಳಗೆಲ್ಲ ಫಳಫಳ ಉಜ್ಜಿ ಇಟ್ಟಿರುತ್ತಾರೆ. ನನಗೆ ಅನುಮಾನ ಬರುವುದು ಅಂಥದ್ದರ ಮೇಲೆಯೇ.

ಉದ್ದುದ್ದ ಗೀರುಗಳು ಸೈಲೆನ್ಸರ್ ಕಡೆ ಮಾತ್ರ ಇದ್ದು, ಕಾರ್ಬುರೇಟರ್ ಕಡೆ ಪಿಸ್ಟನ್ ಚೆನ್ನಾಗಿದ್ದರೆ ಎಂಜಿನ್ ಅತಿಯಾಗಿ ಕಾದಿದೆ. ಪಿಸ್ಟನ್‌ನಲ್ಲಿ ಅತಿ ಬಿಸಿಯಾಗುವುದು ಹೊಗೆ ಹೋಗುವ ಕಡೆಯೇ, ಹಾಗಾಗಿ ಮೊದಲು ಹಿಡಿಯುವುದೂ ಅಲ್ಲೇ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬರದಿದ್ದರೆ ಹೀಗಾಗುತ್ತದೆ. ಪೆಟ್ರೋಲ್ ಕಡಿಮೆ ಬಂದರೆ ಅದರಲ್ಲಿರುವ ಆಯಿಲೂ ಕಡಿಮೆ ಬಂತು ಅಲ್ವಾ? ಬಿಸಿ ಏರುತ್ತದೆ, ಜಿಡ್ಡು ಇಳಿಯುತ್ತದೆ. ಸಿಲಿಂಡರಿನ ರೆಕ್ಕೆಗಳ ನಡುವೆ ಮರದ ಪುಡಿ ತುಂಬಿಕೊಂಡಿದ್ದರೂ ಇದೇ ಗತಿ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಸುತ್ತಲಿನ ಗಾಳಿಯೇ 42-43 ಡಿಗ್ರಿ ಇರುವಾಗ ಆ ರೆಕ್ಕೆಗಳು ತೆರೆದಿರುವುದು ಇನ್ನೂ ಮುಖ್ಯ.

ಗೀರು ಸುತ್ತಲೂ ಇದ್ದು, ಒಳಗೆ ಜಿಡ್ಡೇ ಇಲ್ಲದಂತೆ ಒಣಗಿ ಕಂಡರೆ ಯಾರೋ ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿ ಓಡಿಸಿದ್ದಾರೆ. ಮಷಿನ್ ಕೈಯಿಂದ ಕೈಗೆ ಬಾಡಿಗೆ ಹೋದಾಗ ಇದು ಆಗುವುದು ಸಾಮಾನ್ಯ. ಇಂಥ ಎಂಜಿನ್‌ನಲ್ಲಿ ಕ್ರ್ಯಾಂಕ್ ಬೇರಿಂಗ್ ಮತ್ತು ಕನೆಕ್ಟಿಂಗ್ ರಾಡಿನ ಬೇರಿಂಗ್ ಕೂಡ ಪೆಟ್ಟು ತಿಂದಿರುತ್ತವೆ. ಬರೀ ಪಿಸ್ಟನ್ ಬದಲಿಸಿ ಮುಗಿಯುವ ಕೆಲಸ ಅಲ್ಲ.

ಕಾರ್ಬುರೇಟರ್ ಕಡೆ ಪಿಸ್ಟನ್ ಮಂಕಾಗಿ, ಅಡ್ಡಗೆರೆಗಳೆಲ್ಲ ಸವೆದು ಹೋಗಿದ್ದರೆ ಧೂಳು ಒಳಗೆ ಹೋಗಿದೆ. ಏರ್ ಫಿಲ್ಟರ್ ಹರಿದಿತ್ತು, ಸರಿಯಾಗಿ ಕೂತಿರಲಿಲ್ಲ, ಇಲ್ಲವೇ ಫಿಲ್ಟರ್ ಇಲ್ಲದೆಯೇ ಓಡಿಸಿದ್ದಾರೆ. ನಮ್ಮ ಎರೆ ಹೊಲದಲ್ಲಿ ಬೇಸಿಗೆಯಲ್ಲಿ ಏಳುವ ಸಣ್ಣ ಧೂಳಿಗೆ ಇಷ್ಟು ದಾರಿ ಸಾಕು. ಇದು ಒಂದೇ ದಿನದ ಹಾನಿ ಅಲ್ಲ, ನಿಧಾನವಾಗಿ ಸವೆದದ್ದು. ಹಾಗಾಗಿ ಸಿಲಿಂಡರೂ ಸವೆದಿರುತ್ತದೆ.

ಪಿಸ್ಟನ್ ತಲೆಯ ಮೇಲೆ ಕುಳಿ, ಜಜ್ಜಿದ ಗುರುತು ಕಂಡರೆ ಒಳಗೆ ಏನೋ ಬಿದ್ದು ಓಡಾಡಿದೆ. ರಿಂಗಿನ ಚೂರು, ಪಿಸ್ಟನ್ ಪಿನ್ನನ್ನು ಹಿಡಿದಿಡುವ ಸರ್ಕ್ಲಿಪ್, ಒಡೆದ ಬೇರಿಂಗಿನ ತುಂಡು, ಯಾವುದಾದರೂ ಆಗಬಹುದು. ಅದು ಎಲ್ಲಿಂದ ಬಂತು ಅನ್ನುವುದು ಗೊತ್ತಾಗುವವರೆಗೆ ಎಂಜಿನ್ ಜೋಡಿಸುವಂತಿಲ್ಲ.

ಹುಮನಾಬಾದ್ ರಸ್ತೆಯ ಒಂದು ಕಟ್ಟಿಗೆ ಅಡ್ಡೆಯಲ್ಲಿ ಇಂಥದ್ದೇ ಮಷಿನ್ ಬಿಚ್ಚಿದಾಗ ಸೈಲೆನ್ಸರ್ ಕಡೆ ಬೆರಳಗಲ ಗೀರಿತ್ತು, ಹಿಂದಿನ ಕಡೆ ಅಡ್ಡಗೆರೆ ಹೊಸದರಂತೆ ಇದ್ದವು. ಮಿಸ್ತ್ರಿ ನೋಡಿದವನೇ “ಬೋರ್ ಹೊಡೆಸಿ ಹೊಸ ಪಿಸ್ಟನ್ ಹಾಕಿದ್ರ ಆಯ್ತು ತಗೋರಿ” ಅಂದ. ಕಾರಣ ಹುಡುಕಿದ್ದು ಅಡ್ಡೆಯಲ್ಲಿ ಕೆಲಸ ಮಾಡುವ ಹುಡುಗ. ಪೆಟ್ರೋಲ್ ಟ್ಯಾಂಕಿನಿಂದ ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪನ್ನು ಬೆರಳಲ್ಲಿ ಮಡಿಸಿ ತೋರಿಸಿದ. ನೇರ ಇದ್ದಾಗ ಏನೂ ಕಾಣುತ್ತಿರಲಿಲ್ಲ. ಮಡಿಸಿದರೆ ಟ್ಯಾಂಕಿನೊಳಗೆ ಇಳಿಯುವ ಜಾಗದಲ್ಲಿ ಸಣ್ಣ ಬಿರುಕು ಬಾಯಿ ಬಿಡುತ್ತಿತ್ತು. ಪೆಟ್ರೋಲಿನ ಜೊತೆ ಗಾಳಿ ಎಳೆದು ಎಂಜಿನ್ ಕಾದದ್ದು ಅಲ್ಲಿಂದಲೇ. ಆ ಪೈಪ್ ಹಾಗೇ ಬಿಟ್ಟಿದ್ದರೆ ಹೊಸ ಪಿಸ್ಟನ್‌ಗೂ ಅದೇ ಗತಿಯಾಗುತ್ತಿತ್ತು.

‘ಬೋರ್ ಹೊಡೆಸೋದು’ ಇಲ್ಲಿ ಯಾಕೆ ನಡೆಯಲ್ಲ

ಬೈಕಿನ ಅನುಭವ ಇರುವ ಮಿಸ್ತ್ರಿ ಬೋರ್ ಹೊಡೆಸೋಣ ಅನ್ನುವುದು ಸಹಜ. ಆರ್‌ಎಕ್ಸ್ 100ರ ಸಿಲಿಂಡರಿನೊಳಗೆ ಬೀಡು ಕಬ್ಬಿಣದ ಗೋಡೆ ಇದೆ. ಗೀರು ಬಿದ್ದರೆ ಲೇಥ್‌ನಲ್ಲಿ ಸ್ವಲ್ಪ ದೊಡ್ಡದು ಮಾಡಿ, ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕುತ್ತಾರೆ. ಕಲಬುರಗಿಯ ಕಪನೂರಿನ ಯಾವ ಲೇಥ್ ಅಂಗಡಿಗೂ ಇದು ಕಷ್ಟದ ಕೆಲಸ ಅಲ್ಲ.

ಚೈನ್ ಸಾ ಸಿಲಿಂಡರ್ ಹಾಗಲ್ಲ. ಅದು ಅಲ್ಯೂಮಿನಿಯಂ. ಒಳಗೋಡೆಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಸೇರಿದ ಲೇಪನ, ಇಲ್ಲವೇ ಕ್ರೋಮ್ ಇರುತ್ತದೆ. ಅದರ ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನೂ ಮೀರುವುದಿಲ್ಲ. ಲೇಥ್ ಹಚ್ಚಿದರೆ ಮೊದಲು ಹೋಗುವುದೇ ಆ ಲೇಪನ. ಉಳಿಯುವ ಮೆತ್ತಗಿನ ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ ಪಿಸ್ಟನ್ ಓಡಿದರೆ ಮತ್ತೆ ಸೀಜ್ ಆಗುವುದು ಖಚಿತ.

ಆದರೆ ಸಿಲಿಂಡರಿನಲ್ಲಿ ಕಾಣುವ ಎಲ್ಲ ಗೀರೂ ಗೀರಲ್ಲ. ಬಹಳ ಸಲ ಅದು ಪಿಸ್ಟನ್‌ನ ಅಲ್ಯೂಮಿನಿಯಂ ಕರಗಿ ಗೋಡೆಗೆ ಮೆತ್ತಿಕೊಂಡದ್ದು. ಉಗುರಿನಿಂದ ಸವರಿ ನೋಡಿ. ಉಬ್ಬಿದಂತೆ ತಾಗಿದರೆ ಮೆತ್ತಿಕೊಂಡದ್ದು, ಉಗುರು ತಗ್ಗಿನಲ್ಲಿ ಸಿಕ್ಕಿಕೊಂಡರೆ ಲೇಪನ ಹರಿದಿದೆ. ಮೆತ್ತಿಕೊಂಡದ್ದನ್ನು ತೆಗೆಯಬಹುದು. ಅನುಭವ ಇದ್ದವರು ಸಿಲಿಂಡರ್ ಬಿಚ್ಚಿ, ಬಯಲಿನಲ್ಲಿಟ್ಟು, ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು, ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಹತ್ತಿ ಕಡ್ಡಿಯಿಂದ ಆ ಜಾಗಕ್ಕೆ ಮಾತ್ರ ಮುಟ್ಟಿಸುತ್ತಾರೆ. ಆಸಿಡ್ ಅಲ್ಯೂಮಿನಿಯಂ ತಿನ್ನುತ್ತದೆ, ನಿಕ್ಕಲ್ ಲೇಪನವನ್ನು ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ. ಕ್ರೋಮ್ ಲೇಪನಕ್ಕೆ ಮಾತ್ರ ಇದನ್ನು ಹಚ್ಚಬಾರದು, ಅದನ್ನೂ ತಿನ್ನುತ್ತದೆ. ಲೇಪನ ಹರಿದಿದ್ದರೆ ಆಸಿಡ್ ಅದರ ಕೆಳಗಿನ ಸಿಲಿಂಡರನ್ನೇ ತಿನ್ನುತ್ತದೆ, ಕಿಂಡಿಗಳ ಅಂಚಿಗೆ ತಾಗಿದರೂ ಅಷ್ಟೇ. ಕೈ ಪಳಗದವರು ಈ ಗೋಜಿಗೆ ಹೋಗದಿರುವುದು ಒಳ್ಳೆಯದು. ಬರೀ ಎಮರಿ ಹಾಳೆಯಿಂದ ತಾಳ್ಮೆಯಲ್ಲಿ ಉಜ್ಜಿದರೂ ಸ್ವಲ್ಪ ಮಟ್ಟಿಗೆ ಹೋಗುತ್ತದೆ.

ಲೇಪನ ಹರಿದಿದ್ದರೆ ಸಿಲಿಂಡರ್ ಮತ್ತು ಪಿಸ್ಟನ್ ಎರಡೂ ಹೊಸದು ಬೇಕು. ಮಷಿನ್‌ಗೆ ಎಷ್ಟು ಕೊಡಬೇಕು ಅನ್ನುವುದು ಇದರ ಮೇಲೆ ನಿಂತಿದೆ.

ಕಂಪ್ರೆಷನ್ ನೋಡುವುದು

ಪ್ಲಗ್, ಸೈಲೆನ್ಸರ್ ವಾಪಸ್ ಹಾಕಿ. ಸ್ವಿಚ್ ಆಫ್ ಇದ್ದಂತೆಯೇ ಸ್ಟಾರ್ಟರ್ ಹಿಡಿ ಹಿಡಿದು ಮಷಿನ್ನನ್ನು ಮೇಲೆತ್ತಿ. ಒಳ್ಳೆ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲಿನ ಜಾಗದಲ್ಲಿ ಒತ್ತಡ, ಇದ್ದರೆ ಮಷಿನ್ ತಡೆದು ತಡೆದು, ಜಗ್ಗುತ್ತಾ ಇಳಿಯುತ್ತದೆ. ಸರ್ರನೆ ನೆಲಕ್ಕೆ ಬಂದರೆ ಒತ್ತಡ ಇಲ್ಲ. ದೊಡ್ಡ ಮಷಿನ್‌ಗಳಲ್ಲಿ ಒತ್ತಡ ಬಿಡುವ ಸಣ್ಣ ಬಟನ್ ಇರುತ್ತದೆ, ಅದು ಒತ್ತಿಕೊಂಡಿಲ್ಲ ಅಂತ ಮೊದಲೇ ನೋಡಿ.

ಇದು ಅಂದಾಜು ಮಾತ್ರ. ಗೇಜ್ ಇದ್ದರೆ ಲೆಕ್ಕ ಸಿಗುತ್ತದೆ. ಪ್ಲಗ್ ಜಾಗಕ್ಕೆ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಿರಿ. 150 ಪಿಎಸ್‌ಐ ಅಥವಾ ಮೇಲಿದ್ದರೆ ಆರೋಗ್ಯ. 120ರ ಸುತ್ತಮುತ್ತ ಇದ್ದರೆ ರಿಂಗ್ ಸವೆದಿದೆ. 100ರ ಕೆಳಗೆ ಸ್ಟಾರ್ಟ್ ಆಗುವುದೇ ಅನುಮಾನ.

ಒಂದು ಎಚ್ಚರಿಕೆ. ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟರೆ ಸವೆದ ಎಂಜಿನ್ನೂ ಸ್ವಲ್ಪ ಹೊತ್ತು ಒಳ್ಳೆ ಒತ್ತಡ ತೋರಿಸುತ್ತದೆ. ಬಿಚ್ಚಿದ ಪ್ಲಗ್ ಆಯಿಲ್ಲಿನಲ್ಲಿ ತೊಯ್ದಿದ್ದರೆ ಆ ಅಂಕಿಯನ್ನು ನಂಬಬೇಡಿ.

ಕಣ್ಣಿಗೆ ಕಾಣದ ಸೋರಿಕೆ

ಪಿಸ್ಟನ್ ಕೆಳಗಿನ ಜಾಗವೂ ಸೋರಬಾರದು ಅಂದೆವಲ್ಲ. ಕ್ರ್ಯಾಂಕ್ ದಂಡ ಎರಡೂ ಕಡೆ ಹೊರಬರುವಲ್ಲಿ ಒಂದೊಂದು ಆಯಿಲ್ ಸೀಲ್ ಇರುತ್ತದೆ, ಒಂದು ಮ್ಯಾಗ್ನೆಟ್ ಹಿಂದೆ, ಇನ್ನೊಂದು ಕ್ಲಚ್ ಹಿಂದೆ. ವರ್ಷಗಟ್ಟಲೆ ಸುಮ್ನೆ ಬಿದ್ದ ಮಷಿನ್‌ನಲ್ಲಿ ಆ ರಬ್ಬರ್ ಒಣಗಿ ಗಟ್ಟಿಯಾಗುತ್ತದೆ. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಹೀರಿದರೆ ಬಾಯಿಗೆ ನೀರಿಗಿಂತ ಗಾಳಿಯೇ ಜಾಸ್ತಿ ಬರುವಂತೆ, ಈ ಎಂಜಿನ್ನೂ ಪೆಟ್ರೋಲಿಗಿಂತ ಗಾಳಿಯನ್ನೇ ಜಾಸ್ತಿ ಎಳೆಯುತ್ತದೆ. ಮುಂದಿನದು ಗೊತ್ತೇ ಇದೆ: ಕಾಯುತ್ತದೆ, ಸೈಲೆನ್ಸರ್ ಕಡೆ ಗೀರು ಬೀಳುತ್ತದೆ.

ಮ್ಯಾಗ್ನೆಟ್ ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಸ್ವಲ್ಪವೂ ಆಟ ಇರಬಾರದು. ಆಟ ಇದ್ದರೆ ಬೇರಿಂಗ್ ಹೋಗಿದೆ, ಬೇರಿಂಗ್ ಹೋದರೆ ಸೀಲ್ ನಿಲ್ಲುವುದಿಲ್ಲ. ತಿರುಗಿಸುವಾಗ ಗರಗರ ಅಂದರೂ ಅದೇ.

ಓಡುವ ಸ್ಥಿತಿಯಲ್ಲಿರುವ ಮಷಿನ್ ಆದರೆ ಬಿಸಿಯಾದ ಮೇಲೆ ಐಡಲ್‌ನಲ್ಲಿ ಬಿಟ್ಟು ಕೇಳಿ. ರೇಸ್ ತಾನಾಗಿ ಏರುತ್ತಾ ಇಳಿಯುತ್ತಾ ಇದ್ದರೆ, ಮಷಿನ್ ಓರೆ ಮಾಡಿದಾಗ ಸದ್ದು ಬದಲಾದರೆ, ಗಾಳಿ ಸೋರಿಕೆಯ ಗುಮಾನಿ ಬಲವಾಗುತ್ತದೆ. ಖಚಿತ ಮಾಡಿಕೊಳ್ಳಲು ಮಿಸ್ತ್ರಿಗಳು ಎಲ್ಲ ಕಿಂಡಿ ಮುಚ್ಚಿ, ಸುಮಾರು ಅರ್ಧ ಬಾರ್ ಒತ್ತಡದಲ್ಲಿ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ ಗುಳ್ಳೆ ಬರುವ ಜಾಗ ನೋಡುತ್ತಾರೆ. ಗಾಳಿ ಎಳೆದೂ ನೋಡಬೇಕು. ಯಾಕೆಂದರೆ ಕೆಲವು ಸೀಲ್ ಒಂದು ದಿಕ್ಕಿಗೆ ತಡೆದು ಇನ್ನೊಂದು ದಿಕ್ಕಿಗೆ ಸೋರುತ್ತವೆ. ಪಂಕ್ಚರ್ ಅಂಗಡಿಯ ಗಾಳಿಯನ್ನು ನೇರ ಬಿಡಬೇಡಿ, ಆ ಒತ್ತಡಕ್ಕೆ ಒಳ್ಳೆ ಸೀಲೂ ಹಾರಿಹೋಗುತ್ತದೆ.

ಕ್ಲಚ್ ಬಿಚ್ಚುವಾಗ ಒಂದು ಮಾತು ನೆನಪಿರಲಿ: ಹೆಚ್ಚಿನ ಮಷಿನ್‌ಗಳಲ್ಲಿ ಅದು ಉಲ್ಟಾ ಮರೆ (ಥ್ರೆಡ್). ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ಒತ್ತಾಯ ಮಾಡಿ ಕ್ರ್ಯಾಂಕ್ ಮರೆ ಹಾಳು ಮಾಡಿದ ಮಷಿನ್‌ಗಳೂ ಗುಜರಿಯಲ್ಲಿ ಸಿಗುತ್ತವೆ.

ಕಿಡಿ, ಕಾರ್ಬುರೇಟರ್

ಇವೆರಡಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಬದಲಿಸುವುದು ಸುಲಭ. ಪ್ಲಗ್‌ನ ಲೋಹದ ಭಾಗವನ್ನು ಸಿಲಿಂಡರಿಗೆ ತಾಗಿಸಿ, ಪ್ಲಗ್ ತೂತಿನಿಂದ ದೂರ ಹಿಡಿದು, ಸ್ವಿಚ್ ಆನ್ ಮಾಡಿ ಹಗ್ಗ ಎಳೆದರೆ ನೀಲಿ ಕಿಡಿ ಬರಬೇಕು. ಬರದಿದ್ದರೆ ಮೊದಲು ಸ್ವಿಚ್ ತಂತಿ ಕಳಚಿ ನೋಡಿ. ಕೆಟ್ಟದ್ದು ಕಾಯಿಲ್ ಅಲ್ಲ, ಸ್ವಿಚ್ ಆಗಿರಬಹುದು. ಕಾಯಿಲ್ ಮತ್ತು ಮ್ಯಾಗ್ನೆಟ್ ನಡುವೆ ಸುಮಾರು 0.3 ಮಿ.ಮೀ. ಅಂತರ ಬೇಕು, ಒಂದು ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ಬೋಲ್ಟ್ ಬಿಗಿದರೆ ಸರಿಹೋಗುತ್ತದೆ.

ಕಾರ್ಬುರೇಟರಿನಲ್ಲಿ ಬೈಕಿನ ಹಾಗೆ ಫ್ಲೋಟ್ ಇಲ್ಲ. ಮಷಿನ್ ಯಾವ ಕಡೆ ವಾಲಿಸಿದರೂ ಓಡಬೇಕಲ್ಲ, ಅದಕ್ಕೆ ತೆಳು ರಬ್ಬರ್ ಪೊರೆಗಳಿಂದ ಕೆಲಸ ಮಾಡುತ್ತದೆ. ಆ ಪೊರೆ ಗಟ್ಟಿಯಾಗಿದ್ದರೆ ಎಷ್ಟು ಕ್ಲೀನ್ ಮಾಡಿದರೂ ಪ್ರಯೋಜನ ಇಲ್ಲ, ರಿಪೇರಿ ಕಿಟ್ ಹಾಕಬೇಕು.

ಯಾವುದಕ್ಕೆ ಎಷ್ಟು ಕೊಡಬಹುದು

ಬೆಲೆ ಮಾತಾಡುವ ಮುಂಚೆ ಒಂದು ಫೋನ್ ಮಾಡಿ: ಆ ಮಾದರಿಗೆ ಪಿಸ್ಟನ್, ಸಿಲಿಂಡರ್, ಸೀಲ್, ಬೇರಿಂಗ್ ಸಿಗುತ್ತದೆಯೇ, ಎಷ್ಟಾಗುತ್ತದೆ ಅಂತ. ಅದಕ್ಕೆ ಮಜೂರಿ ಸೇರಿಸಿ, ಕೇಳುತ್ತಿರುವ ಬೆಲೆಯನ್ನೂ ಕೂಡಿಸಿ. ಮೊತ್ತ ಅದೇ ಮಾದರಿಯ ಹೊಸ ಮಷಿನ್‌ನ ಅರ್ಧ ದಾಟಿದರೆ ನಾನಾದರೆ ಕೈ ಬಿಡುತ್ತೇನೆ. ಹೊಸದಕ್ಕೆ ವಾರಂಟಿ ಇರುತ್ತದೆ, ಇದಕ್ಕೆ ಇಲ್ಲ.

ಪಿಸ್ಟನ್ ಚೆನ್ನಾಗಿದ್ದು ಬರೀ ಕಾರ್ಬುರೇಟರ್, ಪೈಪ್ ಕೆಟ್ಟಿದ್ದರೆ ಅದು ಲಾಭದ ವ್ಯಾಪಾರ. ಪಿಸ್ಟನ್ ಗೀರಿದ್ದು ಸಿಲಿಂಡರ್ ಉಳಿದಿದ್ದರೂ ಪರವಾಗಿಲ್ಲ. ಸಿಲಿಂಡರ್ ಹರಿದು, ಕ್ರ್ಯಾಂಕ್ ಆಟ ಕೊಡುತ್ತಿದ್ದರೆ ಅದನ್ನು ಬಿಡಿಭಾಗದ ಬೆಲೆಗೆ ಮಾತ್ರ ಕೇಳಿ. ಹೆಸರಿಲ್ಲದ ಅಗ್ಗದ ಮಷಿನ್‌ನ ಎಂಜಿನ್ ಹೋಗಿದ್ದರೆ ಅದಕ್ಕೆ ಖರ್ಚು ಮಾಡುವುದು ದಂಡ, ಅದರ ಹೊಸದೇ ಕಡಿಮೆಗೆ ಬರುತ್ತದೆ.

ಎಂಜಿನ್ ಗುಂಗಿನಲ್ಲಿ ಚೈನ್ ಬ್ರೇಕ್ ಮರೆಯಬೇಡಿ. ಮುಂದಿನ ಗಾರ್ಡ್ ತಳ್ಳಿದರೆ ಟಕ್ ಅಂತ ಹಿಡಿಯಬೇಕು. ಬ್ರೇಕ್ ಬ್ಯಾಂಡ್ ಕಿತ್ತು ಹಾಕಿರುವ ಮಷಿನ್ ಎಷ್ಟೇ ಚೆನ್ನಾಗಿ ಓಡಿದರೂ, ಅದನ್ನು ಸರಿ ಮಾಡಿಸದೆ ಮರಕ್ಕೆ ಹಚ್ಚಬಾರದು. ಬಾರ್‌ನ ತುದಿ ಕೊಂಬೆಗೆ ತಗುಲಿ ಮಷಿನ್ ಮುಖಕ್ಕೆ ಎಗರುವುದು ಕಣ್ಣು ಮುಚ್ಚಿ ತೆರೆಯುವುದರೊಳಗೆ.

ಪೆಟ್ರೋಲಿನ ವಿಷಯ

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್ ಮೊದಲಿನದಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20, ಅಂದರೆ 20% ಎಥನಾಲ್ ಬೆರೆತ ಪೆಟ್ರೋಲ್, ಈಗ ಎಲ್ಲೆಡೆ ಬಂದಿದೆ. ಬೀದರ್, ಅಫಜಲಪುರ ಕಡೆ ಕಬ್ಬು ಬೆಳೆಯುವವರಿಗೆ ಎಥನಾಲ್ ಹೊಸ ಮಾತಲ್ಲ. ಹಳೇ ಚೈನ್ ಸಾಗೆ ಮಾತ್ರ ಅದು ಒಗ್ಗುವುದು ಕಷ್ಟ. ಹಲವು ಮಷಿನ್‌ಗಳ ಮ್ಯಾನ್ಯುಯಲ್‌ನಲ್ಲಿ 10% ಎಥನಾಲ್ ಮಿತಿ ಅಂತ ಬರೆದಿರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೇ ರಬ್ಬರ್ ಪೈಪ್ ಮತ್ತು ಪೊರೆಯನ್ನು ಕೆಡಿಸುತ್ತದೆ. ಅದರಲ್ಲೇ ಆಮ್ಲಜನಕ ಇರುವುದರಿಂದ, ಪೆಟ್ರೋಲ್ ಪ್ರಮಾಣ ಹೊಂದಿಸುವ ಸ್ಕ್ರೂ ಮುಟ್ಟದೆ ಬಿಟ್ಟ ಕಾರ್ಬುರೇಟರಿನಲ್ಲಿ ಗಾಳಿಯ ಪಾಲು ಹೆಚ್ಚಾದಂತೆಯೇ ಲೆಕ್ಕ. ಹಾಗಾಗಿ ಹಳೇ ಮಷಿನ್ ಎಬ್ಬಿಸುವಾಗ ಪೈಪ್, ಪೊರೆ ಹೊಸದು ಹಾಕಿ, ಪೆಟ್ರೋಲ್ ಸ್ಕ್ರೂವನ್ನು ತಿಳಿದವರಿಂದ ಮತ್ತೆ ಹೊಂದಿಸಿ. ಕೆಲಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರುವವರೆಗೆ ಓಡಿಸಿ ನಿಲ್ಲಿಸಿ.

ಆಯಿಲ್ ಲೆಕ್ಕ ಮ್ಯಾನ್ಯುಯಲ್‌ನಲ್ಲಿ ಇದ್ದಂತೆ. 50ಕ್ಕೆ 1 ಅಂದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಅಂದರೆ ಲೀಟರಿಗೆ 40 ಮಿ.ಲೀ. ಸ್ಟಿಲ್ ತನ್ನದೇ ಆಯಿಲಿಗೆ 50ಕ್ಕೆ 1, ಬೇರೆ ಆಯಿಲಿಗೆ 25ಕ್ಕೆ 1 ಹೇಳುತ್ತದೆ. ಹಸ್ಕ್ವರ್ನಾದಲ್ಲಿ ಅದು 50 ಮತ್ತು 33. ಮುಚ್ಚಳದಲ್ಲಿ ಅಂದಾಜಿಗೆ ಸುರಿಯುವ ಬದಲು ಮೆಡಿಕಲ್ ಅಂಗಡಿಯ ಸಿರಿಂಜ್‌ನಲ್ಲಿ ಅಳೆಯಿರಿ. ಒಂದು ತಿಂಗಳಲ್ಲಿ ಮುಗಿಯುವಷ್ಟೇ ಬೆರೆಸಿ.

ಹೊಸ ಪಿಸ್ಟನ್ ಹಾಕಿದ ಮೇಲೆ ಮೊದಲ ಮೂರು ಟ್ಯಾಂಕ್ ಮುಗಿಯುವವರೆಗೆ, ಕಟ್ಟಿಗೆಗೆ ಹಚ್ಚದೆ ಬರಿದೇ ಪೂರ್ತಿ ರೇಸ್ ಕೊಡಬಾರದು. ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಮಿಶ್ರಣ ಸರಿಯಾಗಿದೆ. ಕಪ್ಪು ಜಿಡ್ಡು ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬಿಳಿಚಿಕೊಂಡಿದ್ದರೆ ಮಷಿನ್ ನಿಲ್ಲಿಸಿ, ಗಾಳಿ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ.